ಮಣ್ಣು ಬೇಡ, ಕಡ್ಡಿ ತನ್ನಿ

ದಸರಾ ರಜೆ ಮುಗಿದು ಕರ್ನಾಟಕದ ರಾತ್ರಿ ಬಸ್ಸುಗಳು ಬೆಳಗಿನ ಜಾವ ಹೈದರಾಬಾದಿಗೆ ಬಂದು ನಿಂತಾಗ ಡಿಕ್ಕಿಯಿಂದ ಇಳಿಯುವ ಸಾಮಾನನ್ನು ಒಮ್ಮೆ ನೋಡಿ. ಹಪ್ಪಳದ ಡಬ್ಬ, ಕೊಬ್ಬರಿ ಎಣ್ಣೆಯ ಕ್ಯಾನು, ಮಿಡಿ ಉಪ್ಪಿನಕಾಯಿಯ ಭರಣಿ, ಖಡಕ್ ರೊಟ್ಟಿಯ ಕಟ್ಟು. ಇವುಗಳ ನಡುವೆ ಬಾಯಿ ಹೊಲಿದ ಗೊಬ್ಬರದ ಚೀಲವೊಂದು ಇದ್ದೇ ಇರುತ್ತದೆ. ಕ್ಲೀನರ್ ಹುಡುಗ ಅದನ್ನು ಎಳೆದು ಕೆಳಗೆ ಹಾಕುತ್ತ, 'ಏನ್ ಸಾರ್, ಕಲ್ಲು ತುಂಬಿದ್ದೀರಾ?' ಎಂದು ಗೊಣಗುತ್ತಾನೆ. ಒಳಗಿರುವುದು ಮಣ್ಣು. ಊರಿನ ಹಿತ್ತಲಿನಿಂದಲೋ ತೋಟದಿಂದಲೋ ಅಗೆದು ತಂದ ಇಪ್ಪತ್ತು, ಇಪ್ಪತ್ತೈದು ಕಿಲೋ ಮಣ್ಣು.

ಊರಿನ ಗಿಡಕ್ಕೆ ಊರಿನ ಮಣ್ಣೇ ಆಗಬೇಕು ಎಂಬ ನಂಬಿಕೆ ಹೊರನಾಡಿನಲ್ಲಿರುವ ನಮ್ಮಲ್ಲಿ ಬಹಳ ಗಟ್ಟಿ. ಮಲ್ಲಿಗೆ ಬಾಡಿದರೆ 'ಇಲ್ಲಿಯ ಮಣ್ಣು ಸರಿಯಿಲ್ಲ' ಎನ್ನುತ್ತೇವೆ. ಬಸಳೆ ಹಬ್ಬಿದರೆ 'ಊರಿನ ಮಣ್ಣಲ್ವಾ, ಅದಕ್ಕೇ' ಎನ್ನುತ್ತೇವೆ. ಸಾಗರದ ಕಡೆಯವನಾದ ನನಗೆ ಆ ಚೀಲದ ಹಿಂದಿರುವ ಮನಸ್ಸು ಅರ್ಥವಾಗದೇ ಇಲ್ಲ. ಆದರೂ ಹದಿನಾಲ್ಕು ವರ್ಷ ಈ ನಗರದಲ್ಲಿ ಕಟ್ಟಡಗಳ ಲೆಕ್ಕ ಮಾಡುವ ಎಂಜಿನಿಯರ್ ಆಗಿ, ಅಷ್ಟೇ ವರ್ಷ ಬಾಲ್ಕನಿಯಲ್ಲಿ ಗಿಡ ಬೆಳೆಸುತ್ತ ಬಂದವನಾಗಿ, ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಆ ಚೀಲ ಊರಲ್ಲೇ ಇರಲಿ. ತರುವುದಾದರೆ ಗಿಡದ ಕಡ್ಡಿ ತನ್ನಿ, ಬೀಜ ತನ್ನಿ, ಬಳ್ಳಿಯ ತುಂಡು ತನ್ನಿ. ಮಣ್ಣನ್ನು ಎಲ್ಲಿ ಬೇಕಾದರೂ ತಯಾರಿಸಿಕೊಳ್ಳಬಹುದು. ತಳಿಯೊಂದು ಹೋದರೆ ಅದನ್ನು ಯಾವ ನರ್ಸರಿಯವನೂ ಮಾಡಿಕೊಡಲಾರ.

ಮೊದಲು ನನ್ನ ಕಸುಬಿನ ಮಾತು. ಮನೆಗಳ ವಿನ್ಯಾಸ ಮಾಡುವಾಗ ನಾವು ಅನುಸರಿಸುವ ಐಎಸ್ 875 ಸಂಹಿತೆಯ ಪ್ರಕಾರ ಜನ ಓಡಾಡುವ ತಾರಸಿಗೆ ಚದರ ಮೀಟರಿಗೆ ಸುಮಾರು 150 ಕಿಲೋ ಭಾರ ಲೆಕ್ಕ ಹಿಡಿಯುತ್ತೇವೆ, ಬಾಲ್ಕನಿಗೆ ಸುಮಾರು 300. ಒಂದಡಿ ಆಳಕ್ಕೆ ಮಣ್ಣು ತುಂಬಿ ನೀರು ಹಾಕಿದರೆ ಅದೇ ಒಂದು ಚದರ ಮೀಟರಿನಲ್ಲಿ 500 ಕಿಲೋ ದಾಟುತ್ತದೆ. ಎರಡು ಕುಂಡ ಇಟ್ಟ ಮಾತ್ರಕ್ಕೆ ಮನೆ ಕುಸಿಯುವುದಿಲ್ಲ, ಹೆದರಬೇಡಿ. ಆದರೆ ತಾರಸಿಯ ಉದ್ದಕ್ಕೂ ಇಟ್ಟಿಗೆ ಕಟ್ಟೆ ಕಟ್ಟಿ ಮಣ್ಣು ತುಂಬಿಸುವವರನ್ನು ಕಂಡರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ. ತೆಂಗಿನ ನಾರಿನ ಪುಡಿ, ಅಂದರೆ ಎಲ್ಲರೂ ಕೋಕೋಪೀಟ್ ಎನ್ನುವ ವಸ್ತು, ಒದ್ದೆಯಾದಾಗಲೂ ಮಣ್ಣಿಗಿಂತ ಎಷ್ಟೋ ಹಗುರ. ಅದಕ್ಕೆ ಕಾಂಪೋಸ್ಟು, ಸ್ವಲ್ಪ ಮರಳು, ಒಂದು ಪಾಲು ಇಲ್ಲಿಯದೇ ಕೆಂಪು ಮಣ್ಣು ಸೇರಿಸಿದರೆ ಕುಂಡಕ್ಕೆ ಸಾಕು. ಹೈದರಾಬಾದಿನ ಸುತ್ತಲಿನ ಮರಳು ಮಿಶ್ರಿತ ಕೆಂಪು ನೆಲವನ್ನು ತೆಲುಗರು ಚಲ್ಕ ಎನ್ನುತ್ತಾರೆ. ಗ್ರಾನೈಟ್ ಬಂಡೆ ಸವೆದು ಆದ ನೆಲ ಅದು. ಸಾರ ಕಡಿಮೆ, ನಿಜ. ಆದರೆ ನೀರು ಚೆನ್ನಾಗಿ ಬಸಿಯುತ್ತದೆ, ಕುಂಡಕ್ಕೆ ಬೇಕಾದ ಗುಣವೇ ಅದು.

ಇನ್ನು ಊರಿನ ಮಣ್ಣು ಇಲ್ಲಿಗೆ ಬಂದ ಮೇಲೆ ಊರಿನ ಮಣ್ಣಾಗಿ ಎಷ್ಟು ದಿನ ಉಳಿಯುತ್ತದೆ? ಮಲೆನಾಡಿನ ಮಣ್ಣು ಹುಳಿ ಮಣ್ಣು. ವರ್ಷಗಟ್ಟಲೆ ಸುರಿದ ಮಳೆ ಅದರಲ್ಲಿದ್ದ ಸುಣ್ಣವನ್ನೆಲ್ಲ ತೊಳೆದುಕೊಂಡು ಹೋಗಿರುತ್ತದೆ. ಹೈದರಾಬಾದಿನ ಅಪಾರ್ಟ್‌ಮೆಂಟುಗಳ ಬೋರ್‌ವೆಲ್ ನೀರು ಅದಕ್ಕೆ ತದ್ವಿರುದ್ಧ. ಬಕೆಟ್ಟಿನ ಅಂಚಿಗೆ, ನಲ್ಲಿಯ ಬಾಯಿಗೆ, ಗೀಸರಿನ ಒಳಗೆ ಬಿಳಿ ಹೊಪ್ಪಳೆ ಕಟ್ಟುವ ಗಡಸು ನೀರು. ಅದನ್ನೇ ದಿನಕ್ಕೊಂದು ಚೊಂಬು ಹೊಯ್ಯುತ್ತ ಹೋದರೆ ಆರೆಂಟು ತಿಂಗಳಲ್ಲಿ ನಿಮ್ಮ ತೀರ್ಥಹಳ್ಳಿಯ ಮಣ್ಣು ಸುಣ್ಣದ ಮಣ್ಣಾಗುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಅದನ್ನು ಹೀರಿಕೊಳ್ಳಲು ಬರುವುದಿಲ್ಲ. ಕರಾವಳಿಯವರು ಅಕ್ಕರೆಯಿಂದ ತಂದು ನೆಟ್ಟ ಕೇಪಳದ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿಯುವುದು ಇದರಿಂದಲೇ. ಅದನ್ನು ನೋಡಿ ನಾವು ಬಿಸಿಲನ್ನು ಬೈಯುತ್ತೇವೆ, ಇನ್ನೊಂದು ಚೀಲ ಮಣ್ಣು ತರಿಸುತ್ತೇವೆ. ಕೆಟ್ಟಿರುವುದು ನೀರು.

ನೀರಿನ ಮಾತು ಬಂದದ್ದರಿಂದ ನಮ್ಮ ಕಟ್ಟಡದ ಒಂದಲಗದ ಕಥೆ ಹೇಳಲೇಬೇಕು. ಒಂದಲಗವೆಂದರೆ ನಮ್ಮ ಕಡೆ ಗದ್ದೆಯ ಬದುವಿನಲ್ಲಿ, ಬಚ್ಚಲ ನೀರು ಹರಿಯುವ ಕಾಲುವೆಯ ಪಕ್ಕ ತಾನಾಗಿ ಹಬ್ಬುವ ಸೊಪ್ಪು. ಕಾಲಡಿಯ ತೇವ ಎರಡು ದಿನ ಆರಿದರೂ ಸೊರಗುವ ಗಿಡ. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ ಬೀಳುವ, ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ಊರಿನಲ್ಲಿ ಅದಕ್ಕೇನು ಕೆಲಸ? ಆದರೆ ನಮ್ಮ ಕಟ್ಟಡದ ಹಿಂಭಾಗದಲ್ಲಿ, ಐದು ಮಹಡಿಗಳ ಎಸಿಗಳ ಪೈಪು ಒಂದೇ ಕಡೆ ತೊಟ್ಟಿಕ್ಕುವ ಮೂಲೆಯಲ್ಲಿ, ಸಿಮೆಂಟು ಒಡೆದ ಬಿರುಕಿನ ಉದ್ದಕ್ಕೂ ಒಂದಲಗ ಚಾಪೆ ಹಾಸಿದಂತೆ ಹಬ್ಬಿದೆ. ಯಾರದೋ ಕುಂಡದಿಂದ ಬಿದ್ದ ತುಂಡು ಇರಬೇಕು. ನಮ್ಮ ವಾಚ್‌ಮನ್‌ನ ಹೆಂಡತಿ ಅದನ್ನು ಸರಸ್ವತಿ ಆಕು ಎಂದು ಕರೆದಾಗಲೇ ಅದಕ್ಕೆ ತೆಲುಗಿನಲ್ಲಿ ಅಷ್ಟು ಚೆಂದದ ಹೆಸರಿದೆ ಎಂದು ನನಗೆ ತಿಳಿದದ್ದು.

ಇದರಲ್ಲಿ ಪವಾಡವೇನೂ ಇಲ್ಲ. ಎಸಿಯಿಂದ ತೊಟ್ಟಿಕ್ಕುವುದು ಗಾಳಿಯಲ್ಲಿದ್ದ ತೇವವೇ ತಣಿದು ನೀರಾದದ್ದು. ಅದರಲ್ಲಿ ಸುಣ್ಣವಿಲ್ಲ, ಉಪ್ಪಿಲ್ಲ, ಹೆಚ್ಚೂಕಡಿಮೆ ಮಳೆನೀರೇ. ಮೂಲೆಯಲ್ಲಿ ನೆರಳು, ಮೇಲೆ ಗೋಡೆ, ಕೆಳಗೆ ನಿಲ್ಲದ ತೇವ. ಒಂದಲಗದ ಲೆಕ್ಕದಲ್ಲಿ ಅದು ಗದ್ದೆಯ ಬದುವೇ. ನಾವು 'ಹೈದರಾಬಾದಿನ ಹವೆ' ಎಂದು ಇಡೀ ನಗರಕ್ಕೆ ಒಂದೇ ಹವೆ ಇದೆಯೆಂಬಂತೆ ಮಾತಾಡುತ್ತೇವೆ. ಗಿಡಕ್ಕೆ ಬೇಕಾದದ್ದು ಒಂದು ಗೇಣು ಜಾಗದ ಹವೆ ಮಾತ್ರ. ಪೂರ್ವದ ಬಾಲ್ಕನಿಗೂ ಪಶ್ಚಿಮದ ಬಾಲ್ಕನಿಗೂ ನಡುವೆ ಇರುವ ಅಂತರ ಕೆಲವು ಗಿಡಗಳಿಗೆ ಸಾಗರಕ್ಕೂ ರಾಯಚೂರಿಗೂ ಇರುವಷ್ಟು.

ಎಸಿ ನೀರಿನ ಬಗ್ಗೆ ಎರಡು ಎಚ್ಚರಿಕೆ. ಅದು ತಾಮ್ರದ ಕೊಳವೆ, ಧೂಳು ಹಿಡಿದ ಜಾಲರಿ ಎಲ್ಲವನ್ನೂ ಸವರಿಕೊಂಡು ಬರುವುದರಿಂದ ಆ ಮೂಲೆಯ ಒಂದಲಗವನ್ನು ನಾನು ತಂಬುಳಿಗೆ ಕೊಯ್ಯುವುದಿಲ್ಲ. ತಿನ್ನುವ ಸೊಪ್ಪಿಗೆ ಬೇರೆ ಕುಂಡ, ಡ್ರಮ್ಮಿನಲ್ಲಿ ಹಿಡಿದಿಟ್ಟ ಮಳೆನೀರು. ಹೂಗಿಡಗಳಿಗೆ ಎಸಿ ನೀರು ಧಾರಾಳವಾಗಿ ಆಗುತ್ತದೆ. ಇನ್ನೊಂದು, ಅತಿ ಹೆಚ್ಚು ಬೇಕಾದ ಏಪ್ರಿಲ್‌ನ ಒಣಹವೆಯಲ್ಲಿ ಅದು ಕಡಿಮೆ ತೊಟ್ಟಿಕ್ಕುತ್ತದೆ, ಜೂನ್ ಕಳೆದು ಗಾಳಿ ತೇವವಾದ ಮೇಲೆ ಬಕೆಟ್ ತುಂಬಿ ಚೆಲ್ಲುತ್ತದೆ. ಕುಡಿಯುವ ನೀರಿನ ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಮಾತ್ರ ದಯವಿಟ್ಟು ಗಿಡಕ್ಕೆ ಹಾಕಬೇಡಿ. ಬೋರ್‌ವೆಲ್ ನೀರಿನ ಉಪ್ಪೆಲ್ಲ ಅದರಲ್ಲೇ ಗಟ್ಟಿಯಾಗಿರುತ್ತದೆ. ನೆಲ ಒರೆಸಲು ಅಡ್ಡಿಯಿಲ್ಲ. ಬೇಸಿಗೆಯಲ್ಲಿ ಟ್ಯಾಂಕರಿಗೆ ದುಡ್ಡು ಸುರಿಯುವ ಊರಿನಲ್ಲಿ ಎರಡನೇ ಬಳಕೆಯ ನೀರಿನಿಂದ ಸಾಕಲಾಗದಷ್ಟು ಗಿಡ ಇಡಬಾರದು ಎಂಬುದು ನನ್ನ ನಿಯಮ. ಹೆಂಡತಿಯ ಪ್ರಕಾರ ಅದು ನನ್ನ ಜಿಪುಣತನ.

ಭಾರ, ನೀರು ಇವೆಲ್ಲ ಸಣ್ಣ ಕಾರಣಗಳು. ಮಣ್ಣಿನ ಚೀಲಕ್ಕೆ ನನ್ನ ದೊಡ್ಡ ವಿರೋಧ ಅದರೊಳಗೆ ಕಾಣದಂತೆ ಕೂತು ಬರುವ ರೋಗಕ್ಕೆ. ನಂಜನಗೂಡಿನ ರಸಬಾಳೆ ಎಂದರೆ ಬಾಯಲ್ಲಿ ನೀರೂರುವ ತಲೆಮಾರು ಇನ್ನೂ ಇದೆ. ಆ ಬಾಳೆಯ ತೋಟಗಳು ಕುಗ್ಗಿದ್ದಕ್ಕೆ ಮುಖ್ಯ ಕಾರಣ ಪನಾಮಾ ಸೊರಗು ರೋಗ. ಆ ಶಿಲೀಂಧ್ರ ಇರುವುದು ಮಣ್ಣಿನಲ್ಲಿ. ಬಾಳೆ ಕಿತ್ತು ಹಾಕಿದ ಮೇಲೂ ವರ್ಷಗಟ್ಟಲೆ ಅಲ್ಲೇ ಕಾದು ಕೂರುತ್ತದೆ. ಕಂದಿನ ಬುಡದ ಮಣ್ಣಿನೊಂದಿಗೆ, ಸಲಿಕೆಗೆ ಮೆತ್ತಿದ ಮಣ್ಣಿನೊಂದಿಗೆ ತೋಟದಿಂದ ತೋಟಕ್ಕೆ ದಾಟುತ್ತದೆ. ಕಾಳುಮೆಣಸಿನ ಶೀಘ್ರ ಸೊರಗು ರೋಗವೂ ಇದೇ ಜಾತಿಯ ಕೇಡು. ಮಣ್ಣು ಮತ್ತು ಮಳೆನೀರಿನಲ್ಲಿ ಹರಿದು ಬಂದು ಬುಡ ಕೊಳೆಯಿಸಿ, ಹಸಿರಾಗಿ ನಿಂತಿದ್ದ ಬಳ್ಳಿಯನ್ನು ಕೆಲವೇ ವಾರಗಳಲ್ಲಿ ಒಣಗಿಸಿಬಿಡುತ್ತದೆ.

ನಮ್ಮ ದೊಡ್ಡಪ್ಪನ ತೋಟದಲ್ಲಿ ಆದದ್ದು ಅದೇ. ಅಲ್ಲಿ ಅಡಿಕೆ ಮರಕ್ಕೆ ಹಬ್ಬಿಸಿದ ಹಳೆಯ ಮೆಣಸಿನ ಬಳ್ಳಿಗಳಿದ್ದವು. ಮಲ್ಲಿಗೆಸರ ಎಂದು ಹೆಸರು. ನಮ್ಮ ಭಾಗದ ಹಳೆಯ ತಳಿಗಳ ಹೆಸರುಗಳೇ ಸೊಗಸು: ಕರಿಮಲ್ಲಿಗೆಸರ, ಬಿಳಿಮಲ್ಲಿಗೆಸರ, ಉದ್ದಗರೆ, ತಿರುಪುಗುತ್ತಿ. ಕಾಳು ಕಚ್ಚುವ ಗೊಂಚಲಿಗೆ ನಾವು ಕರೆ ಎನ್ನುತ್ತೇವೆ, ಉದ್ದ ಕರೆಯ ಬಳ್ಳಿ ಉದ್ದಗರೆ. 2019ರ ಆಗಸ್ಟಿನ ಮಳೆ ಮಲೆನಾಡಿನವರಿಗೆ ನೆನಪಿರುತ್ತದೆ. ಆ ವರ್ಷ ತೋಟದಲ್ಲಿ ನಿಂತ ನೀರು ಇಳಿಯುವಷ್ಟರಲ್ಲಿ ಬಳ್ಳಿಗಳ ಎಲೆ ಕಪ್ಪಾಗಿ ಉದುರತೊಡಗಿದವು. ದೀಪಾವಳಿಯ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಮರುವರ್ಷ ದೊಡ್ಡಪ್ಪ ಬೇರೆ ತಳಿ ತಂದು ನೆಟ್ಟರು. ಇಳುವರಿ ಚೆನ್ನಾಗಿದೆ. ಆದರೆ ದೊಡ್ಡಮ್ಮ ಸಾರಿಗೆ ಮೆಣಸು ಕುಟ್ಟುವಾಗಲೆಲ್ಲ 'ಆ ಮೆಣಸು ಇದಲ್ಲ' ಎನ್ನುವುದು ನಿಲ್ಲಲಿಲ್ಲ.

ಆ ಬಳ್ಳಿ ಆಗ ಹೈದರಾಬಾದಿನಲ್ಲಿ, ನಮ್ಮ ಮನೆಯ ವಾಷಿಂಗ್ ಮೆಷಿನ್ ಪಕ್ಕದಲ್ಲಿ ಬದುಕಿತ್ತು. 2017ರಲ್ಲಿ ನಾನು ಒಂದು ಬಳ್ಳಿಯ ಪಕ್ಕದ ಟಿಸಿಲುಗಳನ್ನು ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದೆ. ಮೆಣಸಿನ ಬಳ್ಳಿಯ ಗುಣ ಗೊತ್ತಿಲ್ಲದವರಿಗೆ ಒಂದು ಮಾತು. ಬುಡದಿಂದ ಹೊರಟು ಹಬ್ಬುವ ಕುಡಿಯನ್ನು ನೆಟ್ಟರೆ ಅದು ಮರ ಹುಡುಕಿಕೊಂಡು ಏರುತ್ತದೆ. ಕಾಳು ಬಿಡುವ ಅಡ್ಡ ಟಿಸಿಲನ್ನು ಬೇರು ಬರಿಸಿ ನೆಟ್ಟರೆ ಅದಕ್ಕೆ ಏರುವುದು ಮರೆತೇ ಹೋಗುತ್ತದೆ. ಮೊಣಕಾಲೆತ್ತರದ ಪೊದೆಯಾಗಿ ಕುಂಡದಲ್ಲೇ ನಿಂತು ಕರೆ ಬಿಡುತ್ತದೆ. ಬುಷ್ ಪೆಪ್ಪರ್ ಎಂದು ನರ್ಸರಿಗಳಲ್ಲಿ ಮಾರುವುದು ಇದನ್ನೇ. ಇಪ್ಪತ್ತಡಿಯ ಅಡಿಕೆ ಮರ ಬೇಡುವ ಬಳ್ಳಿ ಹೀಗೆ ಹನ್ನೆರಡು ಇಂಚಿನ ಕುಂಡಕ್ಕೆ ಒಗ್ಗುತ್ತದೆ.

'ಅಲ್ಲಿ ಮೆಣಸು ಬಿಡ್ತೇನೋ?' ಎಂದು ಅಮ್ಮ ಫೋನಿನಲ್ಲಿ ಕೇಳಿದ್ದಳು. ಬಿಟ್ಟಿತು. ಉತ್ತರಕ್ಕೆ ಮುಖ ಮಾಡಿದ ಯುಟಿಲಿಟಿ ಜಾಗ, ನೇರ ಬಿಸಿಲಿಲ್ಲ. ದಿನಾ ಒಣಹಾಕುವ ಒದ್ದೆ ಬಟ್ಟೆಯ ತೇವ ಗಾಳಿಯಲ್ಲಿ ಇದ್ದೇ ಇರುತ್ತದೆ. ಊರಿನಲ್ಲಿ ಮಳೆಹನಿ ಕರೆಯ ಮೇಲಿಂದ ಜಾರಿ ಇಳಿಯುವಾಗ ಪರಾಗವನ್ನೂ ಇಳಿಸುತ್ತದೆ, ಕಾಳು ಕಚ್ಚಲು ಅದು ಸಹಾಯ. ಇಲ್ಲಿ ಆ ಕೆಲಸವನ್ನು ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿ ಮಾಡುತ್ತದೆ, ಹೂ ಬರುವ ದಿನಗಳಲ್ಲಿ ಬೆಳಿಗ್ಗೆ ಹತ್ತು ಸಲ ಒತ್ತಿದರೆ ಆಯಿತು. ಕಳೆದ ವರ್ಷ ನಾಲ್ಕು ಕುಂಡಗಳಿಂದ ಎರಡು ಹಿಡಿ ಒಣಮೆಣಸು ಸಿಕ್ಕಿತು. ವ್ಯಾಪಾರದ ಲೆಕ್ಕದಲ್ಲಿ ಅದು ಸೊನ್ನೆ. ನನ್ನ ಮಟ್ಟಿಗೆ ಮುಖ್ಯವಾದದ್ದು ಎಂಟು ವರ್ಷದಲ್ಲಿ ಒಂದು ಗಿಡಕ್ಕೂ ಆ ಸೊರಗು ರೋಗ ತಗುಲಲಿಲ್ಲ ಎಂಬುದು.

ಯಾಕೆ ತಗುಲಲಿಲ್ಲ? ಆ ರೋಗಾಣುವಿಗೆ ನಿಂತ ನೀರು, ವಾರಗಟ್ಟಲೆ ಬಿಡದ ಜಡಿಮಳೆ, ರೋಗ ಹಿಡಿದ ಮಣ್ಣು ಬೇಕು. ಇಲ್ಲಿ ಆ ಮೂರೂ ಇಲ್ಲ. ನಾವು ದಿನಾ ಶಪಿಸುವ ಹೈದರಾಬಾದಿನ ಒಣಹವೆಯೇ ಬಳ್ಳಿಗೆ ಬೇಲಿಯಾಗಿದೆ. ಗಿಡಗಳು ತವರಿನಲ್ಲಿ ಮಾತ್ರ ಚೆನ್ನಾಗಿರುತ್ತವೆ ಎಂದು ನಾವು ಭಾವಿಸುತ್ತೇವೆ. ಗಿಡವನ್ನು ತಿನ್ನಲು ಕಲಿತ ಹುಳ, ಕೊಳೆಸಲು ಕಲಿತ ಶಿಲೀಂಧ್ರ ಎಲ್ಲವೂ ಇರುವುದು ತವರಿನಲ್ಲೇ. ಅವುಗಳನ್ನು ಹಿಂದೆ ಬಿಟ್ಟು ಬಂದ ಗಿಡ ಎಷ್ಟೋ ಸಲ ಪರಸ್ಥಳದಲ್ಲೇ ಹೆಚ್ಚು ನಿರಾಳವಾಗಿ ಬೆಳೆಯುತ್ತದೆ. ಅಲ್ಲಿಂದ ಮಣ್ಣನ್ನೂ ಹೊತ್ತು ತಂದರೆ ಶತ್ರುವಿಗೂ ಟಿಕೆಟ್ ತೆಗೆಸಿದಂತೆ. ಕಡ್ಡಿಯಲ್ಲೂ ಕೆಲವು ವೈರಸ್ಸುಗಳು ಬರಬಹುದು, ಅದಕ್ಕೇ ಆರೋಗ್ಯವಾದ ಬಳ್ಳಿ ನೋಡಿಯೇ ಕತ್ತರಿಸಬೇಕು.

ಇದಕ್ಕೆ ಜಗತ್ತಿನ ದೊಡ್ಡ ಉದಾಹರಣೆ ರಬ್ಬರ್. ಅದರ ತವರು ಅಮೆಜಾನ್ ಕಾಡು. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಇಂಗ್ಲಿಷಿನವನು ಬ್ರೆಜಿಲಿನ ತಪಜೋಸ್ ನದಿಯ ಪ್ರದೇಶದಿಂದ ಸುಮಾರು 70,000 ಬೀಜಗಳನ್ನು ಲಂಡನ್ನಿನ ಕ್ಯೂ ತೋಟಕ್ಕೆ ಸಾಗಿಸಿದ. ಮೊಳೆತ ಸಸಿಗಳು ಅಲ್ಲಿಂದ ಸಿಲೋನಿಗೆ, ಮಲಯಾಕ್ಕೆ ಹೋದವು. ಏಷ್ಯಾದ ರಬ್ಬರ್ ತೋಟಗಳ ಸಂಪತ್ತೆಲ್ಲ ಹಾಗೆ ಬಂದದ್ದು. ಇತ್ತ 1928ರಲ್ಲಿ ಕಾರು ತಯಾರಿಸುವ ಹೆನ್ರಿ ಫೋರ್ಡ್ ಅದೇ ತಪಜೋಸ್ ನದಿಯ ದಡದಲ್ಲಿ, ರಬ್ಬರಿನ ತವರಿನಲ್ಲೇ, ಫೋರ್ಡ್‌ಲಾಂಡಿಯಾ ಎಂಬ ತೋಟದ ಊರು ಕಟ್ಟಿದ. ಒತ್ತೊತ್ತಾಗಿ ನೆಟ್ಟ ಮರಗಳಿಗೆ ಅಲ್ಲಿಯದೇ ಎಲೆರೋಗ ಹತ್ತಿ ತೋಟ ನೆಲಕಚ್ಚಿತು. 1945ರಲ್ಲಿ ಫೋರ್ಡ್ ಕಂಪನಿ ನಷ್ಟಕ್ಕೆ ಮಾರಿ ಹೊರಟಿತು. ಆ ಎಲೆರೋಗ ಏಷ್ಯಾಕ್ಕೆ ದಾಟದಿರುವುದರಿಂದಲೇ ಕೇರಳದಲ್ಲೂ ನಮ್ಮ ಪುತ್ತೂರು, ಸುಳ್ಯಗಳಲ್ಲೂ ರಬ್ಬರ್ ಹಾಲು ಇಳಿಸಲು ಆಗುತ್ತಿರುವುದು.

ಅಷ್ಟು ದೂರ ಹೋಗುವುದೂ ಬೇಡ. ಗೋಲ್ಕೊಂಡಾ ಕೋಟೆ ನೋಡಲು ಬರುವ ನೆಂಟರನ್ನು ನಾವೆಲ್ಲ ಚಪ್ಪಾಳೆಯ ಪ್ರತಿಧ್ವನಿ ಕೇಳಿಸಿ, ಬೆಟ್ಟ ಹತ್ತಿಸಿ ಇಳಿಸಿ ಕರೆದುಕೊಂಡು ಬರುತ್ತೇವೆ. ಕೋಟೆಯ ಇನ್ನೊಂದು ಭಾಗವಾದ ನಯಾ ಕಿಲಾದೊಳಗೆ ಹತಿಯಾನ್ ಕಾ ಝಾಡ್ ಎಂಬ ಮರವಿದೆ. ಸುತ್ತಳತೆ ಸುಮಾರು 27 ಮೀಟರ್, ವಯಸ್ಸು ನಾನೂರು ವರ್ಷ ಮೀರಿದ್ದು ಎನ್ನುತ್ತಾರೆ. ಅದು ಆಫ್ರಿಕಾದ ಬಾವೊಬಾಬ್. ಸಮುದ್ರ ದಾಟಿ ಬಂದ ವ್ಯಾಪಾರಿಗಳೋ ಫಕೀರರೋ ತಂದು ಕುತುಬ್‌ಶಾಹಿಗಳಿಗೆ ಕೊಟ್ಟರು ಎಂಬುದು ಇಲ್ಲಿಯ ಪ್ರತೀತಿ. ಅದರ ಒಡಹುಟ್ಟಿದವರಂಥ ಮರಗಳು ನಮ್ಮ ಹಾವೇರಿ ಜಿಲ್ಲೆಯ ಸವಣೂರಿನಲ್ಲಿವೆ. ಅಲ್ಲಿಯ ಜನ ಅದಕ್ಕೆ ದೊಡ್ಡ ಹುಣಸೆ ಎಂದು ಹೆಸರಿಟ್ಟರು. ಹಣ್ಣಿನ ತಿರುಳು ಹುಳಿ, ಮರ ದೊಡ್ಡದು, ಮುಗಿಯಿತು. ತಮಾಷೆಯೆಂದರೆ ಹೋಲಿಕೆಗೆ ಬಳಸಿದ ಹುಣಸೆಯೂ ಮೂಲದಲ್ಲಿ ಆಫ್ರಿಕಾದ್ದೇ. 2023ರ ಮಳೆಗಾಲದಲ್ಲಿ ಸವಣೂರಿನ ಮೂರು ಮರಗಳಲ್ಲಿ ಒಂದು ಬುಡಸಮೇತ ಉರುಳಿದಾಗ ಅದನ್ನು ಮತ್ತೆ ಎತ್ತಿ ನಿಲ್ಲಿಸುವ ಕೆಲಸ ನಡೆಯಿತು. ಪರದೇಶದ ಮರಕ್ಕೆ ಇಷ್ಟು ಮಮತೆ ತೋರಿಸುವ ಜನ ನಾವು. ಆ ಮರ ಇಲ್ಲಿ ಹೇಗೆ ಬದುಕಿತು ಎಂಬುದಕ್ಕೂ ಉತ್ತರ ಸರಳ. ಬಂಡೆನೆಲ, ಎಂಟು ತಿಂಗಳ ಒಣಗಾಲ, ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುವ ಅದರ ಅಭ್ಯಾಸ. ಅದರೊಂದಿಗೆ ಆಫ್ರಿಕಾದ ಮಣ್ಣನ್ನು ಹಡಗಿನಲ್ಲಿ ಯಾರೂ ಹೊತ್ತು ತರಬೇಕಾಗಲಿಲ್ಲ.

ಎಲ್ಲವೂ ಎಲ್ಲ ಕಡೆ ಬೆಳೆಯುತ್ತದೆ ಎಂದು ನಾನು ಹೇಳುತ್ತಿಲ್ಲ. ಏಲಕ್ಕಿ ಇಲ್ಲಿ ಎಲೆ ಬಿಡುತ್ತದೆ, ಕಾಯಿ ಬಿಡುವುದಿಲ್ಲ. ಕೊಡಗಿನ ಕಿತ್ತಳೆಯ ಆಸೆ ಬಿಟ್ಟುಬಿಡಿ. ಮಣ್ಣಿನ ಪರವಾಗಿ ವಾದಿಸುವ ಗೆಳೆಯರು ಮಟ್ಟುಗುಳ್ಳದ ಉದಾಹರಣೆ ಕೊಡುತ್ತಾರೆ. ವಾದಿರಾಜರು ಕೊಟ್ಟ ಬೀಜ ಎಂದು ಉಡುಪಿಯವರು ನಂಬುವ ಆ ಬದನೆಯ ರುಚಿ ಮಟ್ಟು ಗ್ರಾಮದ ನೆಲದಲ್ಲೇ ಇದೆ, ಅದಕ್ಕೇ ಅಲ್ಲವೇ ಭೌಗೋಳಿಕ ಗುರುತು ಸಿಕ್ಕಿದ್ದು ಎನ್ನುತ್ತಾರೆ. ಒಪ್ಪುತ್ತೇನೆ. ಮಟ್ಟುವಿನ ಗುಳ್ಳ ಎಂಬ ಹೆಸರಿನಲ್ಲಿ ಮಾರುವ ಹಕ್ಕು ಮಟ್ಟುವಿನವರದೇ, ಆ ರುಚಿಯೂ ಅವರದೇ. ನನ್ನ ಬಾಲ್ಕನಿಯ ಗುಳ್ಳ ಅದರ ಮುಂದೆ ಒಂದು ಕೈ ಕಡಿಮೆ. ಆದರೆ ಕುಂಡದ ಗಿಡ ರುಚಿಯ ಸ್ಪರ್ಧೆಗೆ ಇಟ್ಟದ್ದಲ್ಲ. ಊರಿನಲ್ಲಿ ಏನಾದರೂ ಆದರೆ ಇನ್ನೊಂದು ಕಡೆ ಆ ತಳಿಯ ಜೀವ ಇರಲಿ ಎಂಬುದು ಲೆಕ್ಕ.

ಏಕೆಂದರೆ ಊರಿನಲ್ಲಿ ಏನೇನೋ ಆಗುತ್ತಿದೆ. ಈ ಸಲ ರಜೆಗೆ ಹೋದಾಗ ನಿಮ್ಮ ಬೀದಿಯ ಅಂಗಳಗಳನ್ನು ಎಣಿಸಿ ನೋಡಿ. ಸಗಣಿ ಸಾರಿಸಿದ ಅಂಗಳ ಹೋಗಿ ಇಂಟರ್‌ಲಾಕ್ ಟೈಲ್ಸ್ ಬಂದಿದೆ. ಹಿತ್ತಲಿನ ಕೆಸುವಿನ ಪಾತಿ ಇದ್ದಲ್ಲಿ ಕಾರು ನಿಂತಿದೆ. ಬಚ್ಚಲ ನೀರು ಪೈಪಿನಲ್ಲಿ ಗುಂಡಿಗೆ ಹೋಗುವುದರಿಂದ ಬಸಳೆ ಚಪ್ಪರಕ್ಕೆ ನೀರಿಲ್ಲ. ಮನೆಯಲ್ಲಿ ಉಳಿದಿರುವುದು ಎಪ್ಪತ್ತು ದಾಟಿದ ಇಬ್ಬರು, ಅವರಿಗೆ ಬಗ್ಗಿ ಕಳೆ ಕೀಳಲು ಆಗುವುದಿಲ್ಲ. ಯಾರ ತಪ್ಪೂ ಅಲ್ಲ, ಮಕ್ಕಳಾದ ನಾವು ಇಲ್ಲಿ ಕೂತು ಅವರಿಗೆ ಉಪದೇಶ ಮಾಡಲೂಬಾರದು. ಆದರೆ ಒಂದೊಂದು ಹಿತ್ತಲು ಮುಚ್ಚಿದಾಗಲೂ ಅಜ್ಜಿಯರ ಕಾಲದಿಂದ ಕಡ್ಡಿಯಿಂದ ಕಡ್ಡಿಗೆ ಬಂದ ಏನೋ ಒಂದು ನಿಲ್ಲುತ್ತದೆ. ಅವು ಯಾವ ಪಟ್ಟಿಯಲ್ಲೂ ಇಲ್ಲ. 'ಆ ಮನೆಯ ಗುಂಡು ದಾಸವಾಳ', 'ತುಂಗಕ್ಕನ ಮನೆ ತೊಂಡೆ' ಎಂಬ ಹೆಸರಷ್ಟೇ ಅವುಗಳ ದಾಖಲೆ.

ಹೈದರಾಬಾದಿನಲ್ಲಿ ಕೂತು ಈ ಮಾತಾಡಲು ಒಂದು ವಿಶೇಷ ಕಾರಣವೂ ಇದೆ. ಮುಂಬೈ ಹೆದ್ದಾರಿಯಲ್ಲಿ ಬೀದರ, ಕಲಬುರಗಿಗೆ ಹೋಗುವವರೆಲ್ಲ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಗೇಟಿನ ಮುಂದೆ ಹಾದುಹೋಗುತ್ತಾರೆ. 1972ರಲ್ಲಿ ಶುರುವಾದ ಆ ಅಂತರರಾಷ್ಟ್ರೀಯ ಸಂಸ್ಥೆಯ ತಣ್ಣನೆಯ ಕೋಣೆಗಳಲ್ಲಿ ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ ಮತ್ತು ಕಿರುಧಾನ್ಯಗಳ 1.2 ಲಕ್ಷಕ್ಕೂ ಹೆಚ್ಚು ಮಾದರಿಗಳಿವೆ. ಆಫ್ರಿಕಾದ ಹಲವು ದೇಶಗಳು ತಮ್ಮ ಹೊಲಗಳಿಂದ ಮರೆಯಾಗುತ್ತಿದ್ದ ಜೋಳದ ತಳಿಗಳನ್ನು ಇಲ್ಲಿಂದ ಮರಳಿ ಪಡೆದಿವೆ. ಅವರ ಊರಿನ ಬೀಜ ತೆಲಂಗಾಣದಲ್ಲಿ ಬದುಕಿತ್ತು, ಬೇಕಾದಾಗ ಹೊರಟು ಹೋಯಿತು. ಆದರೆ ಬೀಜದ ಬ್ಯಾಂಕಿನಲ್ಲಿ ಬಸಳೆಗೆ, ಮಲ್ಲಿಗೆಗೆ, ವೀಳ್ಯದೆಲೆಗೆ ಜಾಗವಿಲ್ಲ. ಕಡ್ಡಿಯಿಂದ ಬೆಳೆಯುವ ಹಿತ್ತಲ ಗಿಡವನ್ನು ಡಬ್ಬಿಯಲ್ಲಿ ಮುಚ್ಚಿಡಲಾಗುವುದಿಲ್ಲ. ಯಾರಾದರೂ ನೀರು ಹಾಕುತ್ತ ಸಾಕಬೇಕು. ಆ ಕೆಲಸ ಬಾಲ್ಕನಿಗಳದ್ದು.

ಮಲ್ಲಿಗೆಸರ ಊರಿಗೆ ಮರಳಿದ್ದು 2023ರಲ್ಲಿ. ಪೊದೆ ಮೆಣಸಿನ ಬುಡದಿಂದ ಆಗೊಮ್ಮೆ ಈಗೊಮ್ಮೆ ಹಳೆಯ ಚಾಳಿಯ ಉದ್ದನೆಯ ಕುಡಿಯೊಂದು ಹೊರಡುತ್ತದೆ. ಕುಂಡದ ಆಕಾರ ಕೆಡುತ್ತದೆಂದು ಅದನ್ನು ಸಾಮಾನ್ಯವಾಗಿ ಕತ್ತರಿಸಿ ಎಸೆಯುತ್ತಾರೆ. ಏರುವ ಬಳ್ಳಿ ಬೇಕಾದರೆ ಅದೇ ಬೇಕು. ಅಂಥ ಐದು ಕುಡಿಗಳನ್ನು, ಮಣ್ಣು ಸೋಕಿಸದೆ, ಒದ್ದೆ ಕಾಗದದಲ್ಲಿ ಸುತ್ತಿ ಒಯ್ದೆ. ದೊಡ್ಡಪ್ಪ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, 'ನಮ್ಮನೆ ಬಳ್ಳಿ ತೆಲುಗು ಕಲಿತು ಬಂತೇನೋ' ಎಂದು ನಕ್ಕರು. ಹಳೆಯ ಜಾಗ ಬಿಟ್ಟು, ನೀರು ನಿಲ್ಲದ ಧರೆಯ ಮೇಲಿನ ಮರಗಳ ಬುಡದಲ್ಲಿ ನೆಟ್ಟರು. ಮೂರು ಸತ್ತವು. ಎರಡು ಹತ್ತಿವೆ, ಒಂದು ಈಗ ಆಳೆತ್ತರ ದಾಟಿದೆ. ಇನ್ನೂ ಕರೆ ಬಿಟ್ಟಿಲ್ಲ. ದೊಡ್ಡಮ್ಮ ಪ್ರತಿ ವಾರ ಫೋನಿನಲ್ಲಿ ಅದರ ವರದಿ ಕೊಡುತ್ತಾರೆ, ನನ್ನ ಯೋಗಕ್ಷೇಮ ಆಮೇಲೆ.

ಇದೆಲ್ಲದರ ನಡುವೆ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನುಗಳ ಕುಂಡ ವಿರೋಧಿ ಚಳವಳಿ ಬೇರೆ. ತಾರಸಿ ಸೋರುತ್ತದೆ, ಸೊಳ್ಳೆ ಬರುತ್ತದೆ, ಬಾಲ್ಕನಿಯಿಂದ ಕೆಸರು ಇಳಿಯುತ್ತದೆ ಎಂದು ಒಂದು ಸುತ್ತೋಲೆ ಹೊರಡಿಸಿ ಎಲ್ಲ ತೆಗೆಸಿಬಿಡುವ ಉಪಾಯ. ದೂರುಗಳಲ್ಲಿ ಸತ್ಯವಿದೆ, ನನ್ನ ಕಸುಬಿನವರೇ ಆ ಸೋರುವಿಕೆ ನೋಡಲು ಹೋಗುತ್ತೇವೆ. ಪರಿಹಾರ ನಿಷೇಧವಲ್ಲ. ಕುಂಡಗಳನ್ನು ನೆಲಕ್ಕೆ ತಾಗದಂತೆ ಸ್ಟ್ಯಾಂಡಿನ ಮೇಲಿಡಿ, ಭಾರವಾದವನ್ನು ಕೆಳಗೆ ತೊಲೆ ಇರುವ ಅಂಚಿಗೆ ಸಾಲಾಗಿ ಇಡಿ, ತಾರಸಿಯ ನೀರು ಹೋಗುವ ಬಾಯಿ ಮುಚ್ಚದಂತೆ ನೋಡಿಕೊಳ್ಳಿ, ತಟ್ಟೆಯ ನೀರು ವಾರಕ್ಕೆರಡು ಸಲ ಚೆಲ್ಲಿ. ಇಷ್ಟು ನಿಯಮ ಬರೆದು ಅಂಟಿಸಿದರೆ ಜಗಳ ಮುಗಿಯುತ್ತದೆ. ಸಭೆಗೆ ಹೋಗದೆ ಮನೆಯಲ್ಲಿ ಕೂತು ವಾಟ್ಸಾಪಿನಲ್ಲಿ ಕೋಪಿಸಿಕೊಳ್ಳುವ ನಮ್ಮ ಜನ ಒಮ್ಮೆ ಸಭೆಗೆ ಹೋಗಿ ಇದನ್ನು ಹೇಳಬೇಕು.

ಕೊನೆಯದಾಗಿ ಒಂದು ಸಲಹೆ, ನಮ್ಮ ಕನ್ನಡ ಸಂಘಟನೆಗಳಿಗೆ. ಈ ನಗರ ಕನ್ನಡಿಗರಿಗೆ ಹೊಸದಲ್ಲ. ಬೀದರ, ಕಲಬುರಗಿ, ರಾಯಚೂರಿನವರಿಗೆ 1956ರವರೆಗೂ ಇದೇ ರಾಜಧಾನಿ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಎಷ್ಟೋ ತಲೆಮಾರು ಕಂಡಿವೆ. ರಾಜ್ಯೋತ್ಸವಕ್ಕೆ ಧ್ವಜ, ಭಾಷಣ, ಹೋಳಿಗೆ ಊಟ ಎಲ್ಲ ಇರಲಿ. ಊಟದ ಹಾಲಿನ ಪಕ್ಕ ಒಂದು ಉದ್ದನೆಯ ಮೇಜು ಹಾಕಿ. ಕಲಬುರಗಿಯವರು ಪುಂಡಿ ಬೀಜ ತರಲಿ. ಅದನ್ನೇ ಗೋಂಗೂರ ಎನ್ನುವ ತೆಲುಗು ನೆರೆಯವರನ್ನೂ ಕರೆಯೋಣ, ಅವರ ಹಿತ್ತಲೂ ಮುಚ್ಚುತ್ತಿದೆ. ಕರಾವಳಿಯವರು ಮಲ್ಲಿಗೆ ಕಡ್ಡಿ, ಮಲೆನಾಡಿನವರು ಕೆಸುವಿನ ಗೆಡ್ಡೆ, ಮೈಸೂರಿನವರು ವೀಳ್ಯದೆಲೆಯ ಬಳ್ಳಿ ತರಲಿ. ನವೆಂಬರ್ ಇಲ್ಲಿ ಕಡ್ಡಿ ನೆಡಲು ಒಳ್ಳೆಯ ತಿಂಗಳು, ಬಿಸಿಲು ಇಳಿದಿರುತ್ತದೆ, ಚಳಿ ಇನ್ನೂ ಬಲಿತಿರುವುದಿಲ್ಲ. ಗೆಡ್ಡೆಯನ್ನು ತೊಳೆದು, ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತನ್ನಿ. ಪ್ರತಿಯೊಂದಕ್ಕೂ ಒಂದು ಚೀಟಿ ಕಟ್ಟಿ. ಚೀಟಿಯಲ್ಲಿ ಇಷ್ಟಿದ್ದರೆ ಸಾಕು: ಗಿಡದ ಹೆಸರು, ಊರು, ಯಾರ ಹಿತ್ತಲಿನದು, ತಂದ ವರ್ಷ, ನಿಮ್ಮ ಮನೆಯಲ್ಲಿ ಅದು ಯಾವ ಮೂಲೆಯಲ್ಲಿ ಬದುಕಿತು.